ಅಪ್ಪ-ಅಮ್ಮನ ಜೊತೆ ಬಲ್ಗೇರಿಯಾದ ಬಾನ್ಸ್ಕೊ: ಬಸ್ಸೋ ರೈಲೋ, ಊಟ ಹೇಗೆ?

ನಂದಿತಪ್ಪಲು (ಚಿಕ್ಕಬಳ್ಳಾಪುರ):
ಸೆಪ್ಟೆಂಬರಿನಲ್ಲಿ ಅಪ್ಪ-ಅಮ್ಮನ ಜೊತೆ ಸೋಫಿಯಾಗೆ ಹೋಗ್ತಿದ್ದೀನಿ. ಪಿರಿನ್ ಬೆಟ್ಟದ ತಪ್ಪಲಿನ ಬಾನ್ಸ್ಕೊದಲ್ಲಿ ಎರಡು ರಾತ್ರಿ ಇರೋ ಯೋಚನೆ. ಬಸ್ಸಲ್ಲಿ ಹೋಗೋದಾ, ರೈಲಲ್ಲಾ? ಹಳೇ ಊರಲ್ಲಿ ಏನೇನು ನೋಡಬೇಕು? ಅವರಿಬ್ಬರೂ ಮೊಟ್ಟೆ ಕೂಡ ತಿನ್ನಲ್ಲ. ನನಗೆ ವಿಹ್ರೆನ್ ಶಿಖರ ಹತ್ತೋ ಆಸೆ ಇದೆ.

ಹಳಿಪ್ರಿಯ (ಕೋಲಾರ):
ಹೋಗುವಾಗ ಬಸ್ಸು, ಬರುವಾಗ ರೈಲು. ಬಸ್ಸಿಗೆ ಸುಮಾರು 3 ಗಂಟೆ ಸಾಕು. ರೈಲಾದರೆ ಸೆಪ್ಟೆಂವ್ರಿ ಅನ್ನೋ ಊರಲ್ಲಿ ಇಳಿದು ನ್ಯಾರೋ ಗೇಜ್ (ಕಿರಿದಾದ ಹಳಿಯ) ಗಾಡಿ ಹಿಡಿಯಬೇಕು. ಅದೊಂದೇ ಸುಮಾರು 5 ಗಂಟೆ ತಗೊಳ್ಳುತ್ತೆ. ಆ ಗಾಡಿ ದಿನಕ್ಕೆ ಕೆಲವೇ ಸಲ ಇರೋದು, ಹೋಗುವಾಗ ತಪ್ಪಿದರೆ ಅಪ್ಪ-ಅಮ್ಮ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂರಬೇಕಾಗುತ್ತೆ. ಬರುವಾಗ ಆ ಚಿಂತೆ ಕಡಿಮೆ. ಸೆಪ್ಟೆಂವ್ರಿ ಇರೋದು ಸೋಫಿಯಾ–ಪ್ಲೊವ್ದಿವ್ ಮುಖ್ಯ ಮಾರ್ಗದಲ್ಲಿ, ಒಂದು ತಪ್ಪಿದರೆ ಇನ್ನೊಂದು ಗಾಡಿ ಸಿಗುತ್ತೆ. ಬಾನ್ಸ್ಕೊದಿಂದ ಬೆಳಗಿನ ಗಾಡಿಯನ್ನೇ ಹಿಡೀರಿ. ಹಳಿಯ ಅಗಲ 760 ಮಿ.ಮೀ.; ನಮ್ಮ ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರ ಹಳಿಯೂ ಹಿಂದೆ 762 ಮಿ.ಮೀ. ಇತ್ತು! ದಾರಿಯಲ್ಲಿ ಬರೋ ಅವ್ರಾಮೊವೊ, 1,267 ಮೀಟರ್, ಬಾಲ್ಕನ್ ಪ್ರದೇಶದಲ್ಲೇ ಅತಿ ಎತ್ತರದ ನಿಲ್ದಾಣ. ಅಲ್ಲಿಂದ ಇಳಿಯುವಾಗ ಹಳಿ ಸುತ್ತಿ ಸುತ್ತಿ ಬರುತ್ತೆ, ಕಿಟಕಿ ಪಕ್ಕವೇ ಕೂರಿ.

ಕಲ್ಲುಕಟ್ಟಡ (ಮಧುಗಿರಿ):
ಸ್ಕೀ ಹೋಟೆಲುಗಳ ಕಡೆ ಉಳಿಯಬೇಡಿ, ಹಳೇ ಊರಿನ ಚೌಕದ ಹತ್ತಿರ ರೂಮ್ ಮಾಡಿ. ನೋಡೋದೆಲ್ಲ ನಡೆದು ಹೋಗುವಷ್ಟು ದೂರದಲ್ಲೇ ಇದೆ. ಹೋಲಿ ಟ್ರಿನಿಟಿ ಚರ್ಚ್ 1835ರದು, ಎತ್ತರದ ಗೋಡೆಯೊಳಗಿದೆ. ಗಂಟೆ ಗೋಪುರ 1850ರದು. ಆ ಚರ್ಚಿಗೆ ಮರದ ಕೆತ್ತನೆ, ಚಿತ್ರ ಮಾಡಿಕೊಟ್ಟ ವೆಲ್ಯಾನ್ ಒಗ್ನೆವ್‌ಗೆ ಊರವರು ಕೊಟ್ಟ ಮನೆಯೇ ವೆಲ್ಯಾನೊವಾ ಮನೆ. ಅದನ್ನು ಮಾತ್ರ ಬಿಡಬೇಡಿ. ಕೆಳಗೆ ದಪ್ಪ ಕಲ್ಲಿನ ಗೋಡೆ, ಕೋಟೆಯ ಹಾಗೆ; ಒಳಗೆ ಗೋಡೆಚಿತ್ರಗಳು. 1835ರಲ್ಲೇ ಬಲ್ಗೇರಿಯನ್ ವ್ಯಾಕರಣ ಪ್ರಕಟಿಸಿದ ನಿಯೊಫಿಟ್ ರಿಲ್ಸ್ಕಿ ಮತ್ತು 1942ರಲ್ಲಿ ಗುಂಡಿಗೆ ಬಲಿಯಾದ ಕವಿ ನಿಕೊಲಾ ವಾಪ್ತ್ಸರೊವ್ ಹುಟ್ಟಿದ್ದು ಈ ಊರಲ್ಲೇ, ಇಬ್ಬರ ಮನೆಗಳೂ ಮ್ಯೂಸಿಯಂ ಆಗಿವೆ. ಬೀದಿಗಳಿಗೆ ಕಲ್ಲು ಹಾಸಿದೆ, ಹಿರಿಯರಿಗೆ ಶೂ ಹಾಕಿಸಿ.

ಸಸ್ಯಾಹಾರಿ (ತುಮಕೂರು):
ಬೀನ್ಸ್ ಸೂಪ್ (ಬೊಬ್ ಚೊರ್ಬಾ), ಸುಟ್ಟ ದೊಣ್ಣೆಮೆಣಸಿನಕಾಯಿ, ಷೋಪ್ಸ್ಕಾ ಸಲಾಡ್ (ಟೊಮೆಟೊ, ಸೌತೆಕಾಯಿ, ಚೀಸ್), ಮೊಸರು-ಸೌತೆಕಾಯಿಯ ತರಾತೊರ್ ಸಿಗುತ್ತವೆ. ಸೂಪಿಗೆ ಕೆಲವೊಮ್ಮೆ ಮಾಂಸ ಹಾಕ್ತಾರೆ, ಕೇಳಿಯೇ ತಗೊಳ್ಳಿ. ಚೀಸ್ ತುಂಬಿದ ಪದರದ ತಿಂಡಿ ಬಾನಿತ್ಸಾದಲ್ಲಿ ಮೊಟ್ಟೆ ಇರುತ್ತೆ, ಬೇಡ. "ಬೆಜ್ ಮೆಸೊ, ಬೆಜ್ ಯೈತ್ಸಾ" ಅಂದರೆ ಮಾಂಸ, ಮೊಟ್ಟೆ ಬೇಡ ಅಂತ. ಅಲ್ಲಿ ಹೌದು ಅನ್ನೋಕೆ ತಲೆ ಅಡ್ಡಡ್ಡ ಆಡಿಸ್ತಾರೆ, ಹಾಗಾಗಿ "ದಾ" (ಹೌದು) ಅಥವಾ "ನೆ" (ಇಲ್ಲ) ಅಂತ ಬಾಯಲ್ಲಿ ಹೇಳಿಸಿಕೊಳ್ಳಿ. 2026ರ ಜನವರಿಯಿಂದ ಅಲ್ಲಿ ಯೂರೋ. ಯಾರಾದರೂ ಹಳೇ ಲೆವ್ ನೋಟು ಕೊಟ್ಟರೆ ತಗೋಬೇಡಿ.

ನಂದಿತಪ್ಪಲು:
ಎಲ್ಲರಿಗೂ ಧನ್ಯವಾದ. ವಿಹ್ರೆನ್ ಒಂದೇ ದಿನದಲ್ಲಿ ಆಗುತ್ತಾ?

ಬೆಟ್ಟದದಾರಿ (ಚಿಕ್ಕಬಳ್ಳಾಪುರ):
ಆಗುತ್ತೆ, ಬೇಗ ಹೊರಟರೆ. ಶಿಖರ 2,914 ಮೀಟರ್, ನಂದಿಯ ಹತ್ತಿರ ಹತ್ತಿರ ಎರಡರಷ್ಟು. 1,950 ಮೀಟರಿನಲ್ಲಿರುವ ಚಾರಣಿಗರ ತಂಗುಮನೆ ವಿಹ್ರೆನ್ ಹಟ್‌ವರೆಗೆ ಟ್ಯಾಕ್ಸಿ ಮಾಡಿ. ಅಲ್ಲಿಂದ ಹತ್ತೋಕೆ ಸುಮಾರು 3 ಗಂಟೆ. ತುದಿಯ ಹತ್ತಿರ ಸಡಿಲ ಅಮೃತಶಿಲೆಯ ಚೂರುಗಳು, ಇಳಿಯುವಾಗಲೇ ಹೆಚ್ಚು ಜಾರೋದು. ಮಧ್ಯಾಹ್ನದ ಮೇಲೆ ಗುಡುಗು-ಮಿಂಚು ಬರಬಹುದು, ಹನ್ನೆರಡರೊಳಗೆ ತುದಿ ಬಿಟ್ಟು ಇಳೀತಾ ಇರಬೇಕು. ಮೋಡ ಕವಿದರೆ ವಾಪಸ್ ಬನ್ನಿ. ವೀಸಾಗೆ ಮಾಡಿಸೋ 30,000 ಯೂರೋ ವಿಮೆಯಲ್ಲಿ ಬೆಟ್ಟದಿಂದ ರಕ್ಷಿಸಿ ತರುವ ಖರ್ಚು ಸೇರಿರುತ್ತೆ ಅಂತ ಅಂದುಕೊಳ್ಳಬೇಡಿ. ಪಾಲಿಸಿ ಓದಿ, ಇಲ್ಲದಿದ್ದರೆ ಸೇರಿಸಿಸಿ. ತುರ್ತಿಗೆ 112.