ಬಂಡೆಯಂಚು ನಿಲ್ಲದೆ ಗುಡ್ಡದಂತೆ ಉರುಟಾಗುತ್ತಿದೆ: ಸವೆತದ ಮಾದರಿಗೆ ಸಲಹೆ ಬೇಕು

ಪ್ರಶ್ನೆ (ಶಿರಸಿ):
ನಮಸ್ಕಾರ. ಒಣ ಪ್ರದೇಶದಲ್ಲಿ ಕಡಿದಾದ ಬಂಡೆಯಂಚು ಸವೆದು ಹಿಂದೆ ಸರಿದಂತೆ ಅದರ ಮುಂದೆ ಬಯಲು ಮೂಡುವ ಬಗೆಯನ್ನು ಮಕ್ಕಳಿಗೆ ತೋರಿಸಲೆಂದು ತಗಡಿನ ಟ್ರೇಯಲ್ಲಿ ಕೆಂಪು ಮಣ್ಣು ತುಂಬಿ, ಗಿಡಗಳಿಗೆ ನೀರು ಹಾಕುವ ಕ್ಯಾನಿನಿಂದ ನೀರು ಹನಿಸುತ್ತಿದ್ದೇನೆ. ಅಂಚು ಗೋಡೆಯಂತೆ ನಿಲ್ಲುವುದಿಲ್ಲ. ನೆತ್ತಿ ಉರುಟಾಗಿ, ಬುಡದಲ್ಲಿ ಕೆಸರು ಕೂತು, ಕೊನೆಗೆ ನಮ್ಮ ಘಟ್ಟದ ಗುಡ್ಡವೇ ಆಗಿಬಿಡುತ್ತದೆ. ನೀರು ಹೆಚ್ಚಾಯಿತೇ?

ಉತ್ತರ (ಕಾರವಾರ):
ಸರ್, ತೊಂದರೆ ನೀರಿಗಿಂತ ಹೆಚ್ಚಾಗಿ ಪದರದಲ್ಲಿದೆ. ಒಂದೇ ಬಗೆಯ ಮಣ್ಣು ನೆತ್ತಿಯಿಂದಲೇ ಕರಗುತ್ತದೆ. ಅಂಚು ಕಡಿದಾಗಿಯೇ ಉಳಿಯಬೇಕಾದರೆ ಮೇಲೆ ಗಟ್ಟಿ ಹೊದಿಕೆ, ಕೆಳಗೆ ಮೆದು ಪದರ ಬೇಕು. ಅಮೆರಿಕದ ಮಾನ್ಯುಮೆಂಟ್ ವ್ಯಾಲಿಯಲ್ಲಿ ಡಿ ಶೆಲಿ ಮರಳುಗಲ್ಲಿನ ಅಡಿಯಲ್ಲಿ ಆರ್ಗನ್ ರಾಕ್ ಎಂಬ ಮೆದುವಾದ ಶೇಲ್ (ಕೆಸರು ಗಟ್ಟಿಯಾಗಿ ಆದ ಪದರಗಲ್ಲು) ಇದೆ. ಅದು ಬೇಗ ಸವೆದು ಒಳಸರಿದಂತೆ, ಆಸರೆ ತಪ್ಪಿದ ಮರಳುಗಲ್ಲು ತನ್ನ ನೆಟ್ಟನೆಯ ಬಿರುಕುಗಳಗುಂಟ ಒಡೆದು ಹಲಗೆ ಹಲಗೆಯಾಗಿ ಬೀಳುತ್ತದೆ, ಬಿದ್ದಲ್ಲಿ ಮತ್ತೆ ಹೊಸ ಗೋಡೆ ತೆರೆದುಕೊಳ್ಳುತ್ತದೆ. ಹೊನ್ನಾವರ, ಭಟ್ಕಳದ ಕಡೆ ರಸ್ತೆಗಾಗಿ ಗುಡ್ಡ ಕಡಿದಲ್ಲಿಯೂ ಮೇಲೆ ಚಿರೆಕಲ್ಲು, ಕೆಳಗೆ ಶೇಡಿ ಎಂಬ ಮೆದು ಜೇಡಿಮಣ್ಣು ಕಾಣಸಿಗುತ್ತದೆ. ಆದರೆ ನಮ್ಮ ಮಳೆಗೆ ಕಲ್ಲು ಆಳದವರೆಗೂ ಕೊಳೆತು ಮಣ್ಣಾಗಿ, ಅದರ ಮೇಲೆ ಕಾಡು ಬೆಳೆಯುವುದರಿಂದ ಇಳಿಜಾರುಗಳ ಚೂಪು ಬೇಗ ಮರೆಯಾಗುತ್ತದೆ.

ತಾವು ತಳಕ್ಕೆ ನುಣ್ಣನೆಯ ಮರಳು ಹಾಕಿ, ಅದರ ಮೇಲೆ ಚೂರೇ ಚೂರು ಸಿಮೆಂಟ್ ಬೆರೆಸಿದ ಮರಳನ್ನು ತೆಳ್ಳಗೆ ಹರಡಿ, ಅದು ಬಿಗಿಯುವ ಮುನ್ನ ಚಾಕುವಿನಿಂದ ಅಡ್ಡ-ಉದ್ದ ಗೆರೆ ಎಳೆಯಿರಿ. ಆ ಗೆರೆಗಳೇ ಬಿರುಕುಗಳು.

ಪ್ರಶ್ನೆ (ಶಿರಸಿ):
ಅಂಚು ಈಗ ಚೆನ್ನಾಗಿ ನಿಲ್ಲುತ್ತಿದೆ. ಆದರೆ ಬಿದ್ದ ಚೂರುಗಳು ಬುಡವನ್ನೇ ಮುಚ್ಚಿದ್ದರಿಂದ ಹಿಂದೆ ಸರಿಯುವುದು ನಿಂತುಹೋಗಿದೆ, ಬಯಲಂತೂ ಮೂಡಲೇ ಇಲ್ಲ.

ಉತ್ತರ (ಕಾರವಾರ):
ಬುಡ ತೆರವಾಗದಿದ್ದರೆ ಅಂಚು ಸರಿಯದು. ಮರುಭೂಮಿಯಲ್ಲಿ ಮಳೆ ಅಪರೂಪ, ಆದರೆ ಬಂದರೆ ಗಿಡಗಂಟಿಗಳ ತಡೆಯಿಲ್ಲದ ನೆಲದ ಮೇಲೆ ಹಠಾತ್ ಪ್ರವಾಹವಾಗಿ ನುಗ್ಗಿ, ಅಷ್ಟರಲ್ಲಿ ಶಿಥಿಲಗೊಂಡು ಪುಡಿಯಾದದ್ದನ್ನೆಲ್ಲ ಹೊತ್ತೊಯ್ಯುತ್ತದೆ. ಆದ್ದರಿಂದ ಹನಿಸುವುದನ್ನು ಬಿಟ್ಟು, ನಡುನಡುವೆ ಒಣಗಲು ಬಿಟ್ಟು, ಚೊಂಬಿನಿಂದ ಒಮ್ಮೆಲೇ ನೀರು ಸುರಿಯಿರಿ. ದೊಡ್ಡ ಚೂರುಗಳನ್ನು ಬೆರಳಿನಿಂದ ಪುಡಿಮಾಡಿದರೆ ಅದು ಮೋಸವಲ್ಲ, ಬಿಸಿಲು, ತೇವ, ಉಪ್ಪು ನಿಧಾನವಾಗಿ ಮಾಡುವ ಕೆಲಸವೇ ಅದು. ಟ್ರೇಯ ಮುಂಬದಿಯಲ್ಲಿ, ತಳಕ್ಕೆ ತಾಗಿದಂತೆ, ನೀರು ಹೊರಹೋಗಲು ತೂತು ಇರಲಿ. ಆಗ ಅಂಚಿನ ಮುಂದೆ ಕೆಲವೇ ಡಿಗ್ರಿ ಇಳಿಜಾರಿನ ಸಪಾಟು ನೆಲ ಉಳಿಯುತ್ತದೆ. ಪೆಡಿಮೆಂಟ್ ಎನ್ನುವುದು ಇದನ್ನೇ. ಅದು ಹೂಳು ತುಂಬಿ ಆದ ಬಯಲಲ್ಲ, ಸವೆದುಳಿದ ಬಂಡೆಯ ಮೇಲೆ ತೆಳುವಾದ ಮರಳು-ಜಲ್ಲಿಯಷ್ಟೇ ಇರುತ್ತದೆ.

ಅಂಚು ಉರುಟಾದ ಆ ಹಳೆಯ ಕೆಂಪು ಮಣ್ಣಿನ ಟ್ರೇಯನ್ನು ದಯವಿಟ್ಟು ಬಿಸಾಡಬೇಡಿ, ಅದೂ ಒಂದು ವಾದವನ್ನೇ ತೋರಿಸುತ್ತದೆ. ಇಳಿಜಾರು ಕಾಲಕ್ರಮೇಣ ತಗ್ಗುತ್ತ ಹೋಗುತ್ತದೆ ಎಂದವರು ನೆಲದ ರೂಪಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಡೇವಿಸ್. ಅದು ಕಡಿದಾಗಿಯೇ ಉಳಿದು ಹಿಂದೆ ಸರಿಯುತ್ತದೆ ಎಂದು 1953ರ ತಮ್ಮ ಲೇಖನದಲ್ಲಿ ವಾದಿಸಿದವರು ಅದೇ ಕ್ಷೇತ್ರದ ಲೆಸ್ಟರ್ ಕಿಂಗ್. ನಿಜವಾದ ನೆಲದಲ್ಲಿ ಎರಡೂ ನಡೆಯುತ್ತವೆ, ಪದರ ಮತ್ತು ಹವೆ ಹೇಗಿವೆಯೋ ಹಾಗೆ. ಎರಡೂ ಟ್ರೇಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಳಗಿನ ಪದರ ಮಕ್ಕಳಿಗೆ ಕಾಣುವಂತೆ ಒಂದು ಬದಿಗೆ ಗಾಜು ಕೂರಿಸಿ.