ಥೈರಾಯ್ಡ್ ಟೆಸ್ಟ್‌ನಲ್ಲಿ ಟಿಎಸ್‌ಎಚ್ 7.8 ಇದೆ, ಥೈರಾಕ್ಸಿನ್ ಮಾತ್ರೆ ಶುರು ಮಾಡಲಾ?

ಗೊಂದಲದಲ್ಲಿರುವವಳು: ವಯಸ್ಸು 44. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿ ಸೋತಷ್ಟೂ ಏರುವ ಹಾರ್ಮೋನ್) 7.8, ಟಿ4 (ಗ್ರಂಥಿ ಸ್ರವಿಸುವ ಹಾರ್ಮೋನ್) ಸರಿಯಿದೆ, ಟಿಪಿಒ ಆ್ಯಂಟಿಬಾಡಿ (ಥೈರಾಯ್ಡ್ ಮೇಲೆ ದೇಹವೇ ದಾಳಿ ಮಾಡುತ್ತಿರುವ ಗುರುತು) ಪಾಸಿಟಿವ್. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಸ್ವಲ್ಪ ಜಾಸ್ತಿ. ಹೃದಯಕ್ಕೆ ಏನಾದರೂ ಆಗುತ್ತದೆಯೇ ಎಂದು ಭಯ. ಮಾತ್ರೆ ತಗೊಂಡವರು, ಬೇಡ ಅಂದವರು ಇಬ್ಬರೂ ಹೇಳಿ.

ತೊಡೆನೋವು: ನನಗೆ ಎಲ್‌ಡಿಎಲ್ 190 ಬಂದಾಗ ಥೈರಾಯ್ಡ್ ನೋಡದೆ ನೇರ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬರೆದರು. ಹನ್ನೊಂದು ವಾರ ತೊಡೆನೋವಿನಿಂದ ನರಳಿದೆ. ಮೆಟ್ಟಿಲು ಹತ್ತಲು ಎರಡೂ ಕೈಯಲ್ಲಿ ಕಂಬಿ ಹಿಡಿಯಬೇಕಿತ್ತು, ನಾಲ್ಕು ಸಲ ರಕ್ತ ಕೊಟ್ಟೆ, ಸಿಕೆ (ಸ್ನಾಯುಗೆ ಪೆಟ್ಟಾದರೆ ಏರುವುದು) 1,400 ಬಂತು, ನರದ ಪರೀಕ್ಷೆಯೂ ಆಯಿತು, ಕೊನೆಗೆ ಬೇರೆ ಡಾಕ್ಟರ್ ನೋಡಿದರೆ ಟಿಎಸ್‌ಎಚ್ 46! ಹಾರ್ಮೋನ್ ಇಲ್ಲದೆ ಲಿವರ್ ಎಲ್‌ಡಿಎಲ್ ಎಳೆದುಕೊಳ್ಳುತ್ತಿರಲಿಲ್ಲ, ಅಷ್ಟೇ. ಥೈರಾಕ್ಸಿನ್ ಶುರುವಾಗಿ ಐದು ತಿಂಗಳಿಗೆ 121. ಸುಮ್ನೆ ಶುರು ಮಾಡಿ.

ಡವಡವ: ಹಾಗೆ ಸುಮ್ನೆ ಶುರು ಮಾಡಿಯೇ ನಾನು ಕೆಟ್ಟದ್ದು. ನನ್ನದು ಬರೀ 6.2 ಇತ್ತು. ಸುಸ್ತು ಹೋಗಲಿಲ್ಲ ಎಂದು 50, 75, 100, ಆಮೇಲೆ 125 ಮೈಕ್ರೋಗ್ರಾಂ. ಹಾರ್ಮೋನ್ ಅತಿಯಾಗಿ ಟಿಎಸ್‌ಎಚ್ 0.05ಕ್ಕೆ ಬಿತ್ತು. ರಾತ್ರಿ ಎರಡು ಗಂಟೆಗೆ ನಾಡಿ 150, ತಾಳವೇ ಇಲ್ಲ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವುದು ಅಂದರು. ಮೂರು ರಾತ್ರಿ ಐಸಿಯು. ಈಗಲೂ ಬ್ಯಾಗಿನಲ್ಲಿ ರಕ್ತ ತೆಳುಮಾಡುವ ಮಾತ್ರೆ ಇಟ್ಟುಕೊಂಡೇ ಓಡಾಡುತ್ತೇನೆ.

ತೊಡೆನೋವು: ಅದು ಡೋಸ್ ಏರಿಸಿದವರ ತಪ್ಪು, ಮಾತ್ರೆಯದ್ದಲ್ಲ. ಪ್ರತಿ ಸಲ ಏರಿಸಿದ ಮೇಲೆ ಆರು ವಾರ ಕಾದು ಟೆಸ್ಟ್ ಮಾಡಿಸಿದ್ರಾ?

ಡವಡವ: ಐಸಿಯುನಲ್ಲಿ ಮಲಗಿದ್ದು ನಾನು, ಪಾಠ ನಿಮ್ಮದಾ?

ಮಾತ್ರೆಯಿಲ್ಲದವ: ಇಬ್ಬರೂ ಮೂಲ ಬಿಟ್ಟು ಮಾತಾಡುತ್ತಿದ್ದೀರಿ. ಇದು ಉರಿಯೂತದ ಕಾಯಿಲೆ. ನಮ್ಮ ರೋಗನಿರೋಧಕ ಕಣಗಳೇ ಗ್ರಂಥಿಯನ್ನು ತಿನ್ನುತ್ತವೆ. ನಾನು ಸೆಲೆನಿಯಂ ಎಂಬ ಖನಿಜದ ಮಾತ್ರೆ ತಗೊಂಡೆ, ಟಿಪಿಒ 640ರಿಂದ 390ಕ್ಕೆ ಇಳಿಯಿತು.

ತೊಡೆನೋವು: ಟಿಎಸ್‌ಎಚ್ ಎಷ್ಟಾಯಿತು?

ಮಾತ್ರೆಯಿಲ್ಲದವ: ಅದು ನಿಧಾನ.

ತೊಡೆನೋವು: ಎಷ್ಟು ಅಂತ ಕೇಳಿದೆ.

ಮಾತ್ರೆಯಿಲ್ಲದವ: 11. ಆದರೆ ನಾನು ಚೆನ್ನಾಗಿದ್ದೇನೆ.

ಡವಡವ: 10 ದಾಟಿದರೆ ಮಾತ್ರೆ ಬೇಕು ಅಂತ ನಾನೂ ಒಪ್ಪುತ್ತೇನೆ ಮಾರಾಯ್ರೇ. ಆ್ಯಂಟಿಬಾಡಿ ಇಳಿದರೆ ಹೃದಯಕ್ಕೆ ಏನು ಬಂತು?

ಬರಿಹೊಟ್ಟೆ: ಯಾರೂ ಕಬ್ಬಿಣದ ಮಾತ್ರೆ ವಿಷಯ ಎತ್ತಲೇ ಇಲ್ಲ. ಅದು ಥೈರಾಕ್ಸಿನ್ ಮೈಗೆ ಹತ್ತಲು ಬಿಡುವುದಿಲ್ಲ; ಎಂಟು ತಿಂಗಳು ಎರಡನ್ನೂ ಒಟ್ಟಿಗೆ ನುಂಗಿದೆ. ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯಲಿಲ್ಲ, ನಾನು ಮಾತ್ರೆ ತಪ್ಪಿಸುತ್ತೇನೆ ಅಂತ ಬೈಸಿಕೊಂಡೆ. ನಡುವೆ ನಾಲ್ಕು ಗಂಟೆ ಬಿಟ್ಟ ಮೇಲೆ ಸರಿಹೋಯಿತು. ಈಗ ಥೈರಾಕ್ಸಿನ್ ರಾತ್ರಿ ಮಲಗುವಾಗ ತಗೊಳ್ತೇನೆ.

ತೊಡೆನೋವು: ರಾತ್ರಿನಾ? ಬೆಳಿಗ್ಗೆ ಬರಿಹೊಟ್ಟೆಯಲ್ಲೇ ತಗೋಬೇಕು.

ಬರಿಹೊಟ್ಟೆ: ಊಟವಾಗಿ ಮೂರು ಗಂಟೆ ಆದರೆ ಅದೂ ಬರಿಹೊಟ್ಟೆಯೇ. ನಿಮಗೆ ಎಲ್ಲರನ್ನೂ ತಿದ್ದುವ ಚಟ ಅಲ್ವಾ?

ಗೊಂದಲದಲ್ಲಿರುವವಳು: ನನ್ನದು 7.8...