ತಾರಸಿ, ಮ್ಯಾಟ್, ಮೈದಾನ: ಕರಾಟೆಗೆ ಕಾಲಿಗೇನು ಹಾಕಬೇಕು?

ಶಿರಾಗೇಟ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು, ಶಿರಾ ಗೇಟ್ ಹತ್ತಿರ ಮನೆ. ನನಗೆ 41 ವರ್ಷ. ಮಗಳನ್ನು ಕರಾಟೆ ಕ್ಲಾಸಿಗೆ ಬಿಡಲು ಹೋಗುತ್ತಾ ಹೋಗುತ್ತಾ ನಾನೂ ಸೇರಿಕೊಂಡೆ. ಎಂಟು ತಿಂಗಳಾಯಿತು, ಈಗ ಹಳದಿ ಬೆಲ್ಟು.

ಕ್ಲಾಸು ವಾರಕ್ಕೆ ಮೂರು ದಿನ, ಮ್ಯಾಟ್ ಮೇಲೆ. ಮಿಕ್ಕ ದಿನ ಬೆಳಿಗ್ಗೆ ಮನೆ ತಾರಸಿಯಲ್ಲಿ ಅಭ್ಯಾಸ. ಭಾನುವಾರ ಮೈದಾನ. ಮ್ಯಾಟ್ ಮೇಲೆ ಏನೂ ತೊಂದರೆಯಿಲ್ಲ. ತಾರಸಿಯ ಸಿಮೆಂಟು ಮಾತ್ರ ಅಂಗಾಲನ್ನು ತಿಂದುಹಾಕುತ್ತಿದೆ. ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ಬೊಬ್ಬೆ ಎದ್ದು, ಒಡೆದು, ಅದೇ ಜಾಗದಲ್ಲಿ ಮತ್ತೆ ಎದ್ದಿದೆ. ಇದು ಬೇಡ ಅಂತ ಮೊನ್ನೆ ವಾಕಿಂಗ್ ಶೂ ಹಾಕಿಕೊಂಡು ಮಾವಾಶಿ ಗೇರಿ, ಅಂದರೆ ಪಕ್ಕದಿಂದ ಸುತ್ತಿ ಬರುವ ಒದೆತ, ಒದ್ದೆ. ನಿಂತ ಕಾಲು ತಿರುಗಲೇ ಇಲ್ಲ. ಮಂಡಿಯೊಳಗೆ ಚಳುಕು ಹಿಡಿಯಿತು. ಎರಡು ದಿನ ಗೋಡೆ ಹಿಡಿದು ಮೆಟ್ಟಿಲು ಇಳಿದೆ. ಮೈದಾನದಲ್ಲಾದರೆ ನೆಗ್ಗಿಲು ಮುಳ್ಳು.

ಕ್ಲಾಸಿನಲ್ಲಿ ಕೇಳಿದರೆ "ಕಾಲು ಗಟ್ಟಿಯಾಗಲಿ ಬಿಡಿ" ಅಂದರು. ಕರಾಟೆ ಬಿಡೋಕೆ ನನಗೆ ಮನಸ್ಸಿಲ್ಲ. ಆದರೆ ಮಂಡಿ ಹೋದರೆ ಮತ್ತೆ ಬರಲ್ಲ ಅಲ್ವಾ? ಯಾವ ನೆಲಕ್ಕೆ ಏನು ಹಾಕಲಿ?

ಕ್ಯಾತ್ಸಂದ್ರದವನು:

ಅಕ್ಕಾ, ಮೊದಲು ಮಂಡಿ ವಿಷಯ. ಎಲ್ಲರೂ ಒದೆಯುವ ಕಾಲನ್ನೇ ನೋಡುತ್ತಾರೆ, ಪೆಟ್ಟು ತಿನ್ನೋದು ನಿಂತ ಕಾಲು. ಮಾವಾಶಿಯಲ್ಲಿ ಸೊಂಟ ತಿರುಗಿದ ಹಾಗೆ ನಿಂತ ಕಾಲಿನ ಹಿಮ್ಮಡಿಯೂ ಎದುರಾಳಿಯ ಕಡೆ ತಿರುಗಬೇಕು. ವಾಕಿಂಗ್ ಶೂ ರಬ್ಬರ್ ಸಿಮೆಂಟನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗುತ್ತದೆ, ಪಾದ ತಿರುಗಲ್ಲ, ಮಧ್ಯೆ ಸಿಕ್ಕಿಕೊಳ್ಳೋದು ಮಂಡಿ. ಇನ್ನೂ ಊತ ಇದ್ದರೆ, ಮಡಚಿದಾಗ ಹಿಡಿದುಕೊಂಡರೆ, ಸುಮ್ನೆ ಕಾಯಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ.

ತಾರಸಿಗೆ ನಾನು ಹಾಕೋದು ಸ್ಕೂಲ್ ಪಿ.ಟಿ.ಯ ಬಿಳಿ ಕ್ಯಾನ್ವಾಸ್ ಶೂ. ಅಡಿ ತೆಳುವಾಗಿ, ಚಪ್ಪಟೆಯಾಗಿರಬೇಕು. ಹೊಸದಕ್ಕಿಂತ ಹಳೆಯದೇ ವಾಸಿ. ನನ್ನದರಲ್ಲಿ ಹೆಬ್ಬೆರಳ ಕೆಳಗಿನ ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿದೆ, ಅದರ ಮೇಲೆ ಪಾದ ಸಲೀಸಾಗಿ ತಿರುಗುತ್ತದೆ. ಹಾಕಿಕೊಂಡ ಕೂಡಲೇ ಒದೆಯಬೇಡಿ. ಹಿಮ್ಮಡಿ ಚೂರು ಎತ್ತಿ ನಿಧಾನಕ್ಕೆ ತಿರುಗಿ ನೋಡಿ. ಪಾದ ಮಂಡಿ ಎರಡೂ ಒಟ್ಟಿಗೆ ತಿರುಗಿದರೆ ಸರಿ, ಇಲ್ಲದಿದ್ದರೆ ಅವತ್ತು ಒದೆಯೋದು, ತಿರುಗೋದು ಬಿಟ್ಟು ನಿಂತಲ್ಲೇ ಕೈ ಅಭ್ಯಾಸ ಮಾತ್ರ ಮಾಡಿ. ಸಿಮೆಂಟಿನ ಮೇಲೆ ಎಗರೋದಂತೂ ಬೇಡವೇ ಬೇಡ.

ಮ್ಯಾಟ್ ಮೇಲೆ ಬರಿಗಾಲೇ. ಟೂರ್ನಮೆಂಟಿನಲ್ಲಿ ಕುಮಿಟೆಗೆ (ಇಬ್ಬರು ಎದುರುಬದುರು ಆಡೋದು) ಕೆಂಪು ಅಥವಾ ನೀಲಿ ಫುಟ್ ಗಾರ್ಡ್ ಕಟ್ಟುತ್ತಾರೆ, ಕಾತಾಗೆ (ಎದುರಾಳಿ ಇಲ್ಲದೆ ಗೊತ್ತಾದ ಕ್ರಮದಲ್ಲಿ ಮಾಡೋ ವರಸೆ) ಅದೂ ಇಲ್ಲ. ಮೈದಾನಕ್ಕೆ ಅದೇ ಕ್ಯಾನ್ವಾಸ್ ಸಾಕು. ಫುಟ್‌ಬಾಲ್ ಸ್ಟಡ್ ಶೂ ಬೇಡ. ಅದರ ಗುಬುಟು ಮಣ್ಣಿಗೆ ಇಳಿದು ಮತ್ತೆ ಮಂಡಿಗೇ ಬರುತ್ತದೆ. ನೆಗ್ಗಿಲು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ, ಹವಾಯಿ ಚಪ್ಪಲಿಯನ್ನೂ ತೂರಿ ಬರುತ್ತದೆ.

"ಕಾಲು ಗಟ್ಟಿಯಾಗಲಿ" ಅನ್ನೋ ಮಾತಿಗೆ ಒಂದು ಹೇಳಲೇಬೇಕು. ನಮ್ಮ ತಾತ ಗರಡಿಗೆ ಹೋಗುತ್ತಿದ್ದವರು. ಅಲ್ಲಿ ಕೆಮ್ಮಣ್ಣನ್ನು ಜರಡಿ ಹಿಡಿದು, ಒಂದು ಹರಳೂ ಇಲ್ಲದ ಹಾಗೆ ಮಾಡಿ, ಎಣ್ಣೆ ಅರಿಶಿನ ಬೆರೆಸಿ ಹದ ಮಾಡುತ್ತಿದ್ದರಂತೆ. ಆಮೇಲೇ ಬರಿಗಾಲು ಇಡೋದು. ನೆಲವನ್ನು ಹದ ಮಾಡದೆ ಕಾಲು ಗಟ್ಟಿ ಮಾಡಿಕೊಳ್ಳಿ ಅಂತ ಅವರು ಯಾರಿಗೂ ಹೇಳಲಿಲ್ಲ.

ಗುಬ್ಬಿ ಸಿಸ್ಟರ್:

ಬೊಬ್ಬೆಯ ಚರ್ಮ ಕೀಳಬೇಡಿ ಅಕ್ಕ. ಸೋಪಿನಲ್ಲಿ ತೊಳೆದು, ಒರೆಸಿ, ಪ್ಲಾಸ್ಟರ್ ಹಾಕಿ. ಕ್ಲಾಸ್ ಮುಗಿದ ಮೇಲೆ ಬೆರಳ ಸಂದಿ ಪೂರ್ತಿ ಒಣಗಬೇಕು. ಅಲ್ಲಿ ಚರ್ಮ ಬೆಳ್ಳಗೆ ನೆನೆದು ಕಡಿತ ಬಂದರೆ ಅದು ಫಂಗಸ್. ಎಲ್ಲರೂ ಕಾಲಿಡುವ ಮ್ಯಾಟಿನಿಂದಲೂ ಹರಡುತ್ತದೆ. ಮೆಡಿಕಲ್ ಶಾಪಿನಲ್ಲಿ "ಕಡಿತಕ್ಕೆ ಏನಾದರೂ ಕೊಡಿ" ಅಂದರೆ ಎಷ್ಟೋ ಸಲ ಸ್ಟೆರಾಯ್ಡ್ ಬೆರೆತ ಮುಲಾಮು ಕೊಡುತ್ತಾರೆ. ಎರಡು ದಿನ ಕಡಿತ ನಿಲ್ಲುತ್ತದೆ, ಫಂಗಸ್ ಒಳಗೇ ಜಾಸ್ತಿ ಆಗುತ್ತದೆ. ಬರೀ ಕ್ಲೋಟ್ರಿಮಜೋಲ್ ಕೇಳಿ ತಗೊಳ್ಳಿ. ವಾಸಿಯಾಯಿತು ಅನ್ನಿಸಿದರೂ ಎರಡು ವಾರ ಹಚ್ಚಿ. ಶುಗರ್ ಇರುವವರು ಮಾತ್ರ ಮನೆಮದ್ದು ಬಿಟ್ಟು ನೇರ ಡಾಕ್ಟರ್ ಹತ್ತಿರ ಹೋಗಿ.

ಶಿರಾಗೇಟ್ ಅಮ್ಮ:

ತುಂಬಾ ಉಪಕಾರವಾಯಿತು. ಮಂಡಿಯ ಊತ ಇಳಿದಿದೆ, ನೋವೂ ಇಲ್ಲ. ಮಗಳ ಹಳೇ ಪಿ.ಟಿ. ಶೂ ನನ್ನ ಕಾಲಿಗೆ ಸರಿಹೋಯಿತು. ಇವತ್ತು ಬೆಳಿಗ್ಗೆ ತಾರಸಿಯಲ್ಲಿ ಒದೆಯಲಿಲ್ಲ, ಹತ್ತು ಸಲ ಬರೀ ತಿರುಗಿ ನೋಡಿದೆ. ಪಾದದ ಜೊತೆಗೇ ಮಂಡಿ ಬಂತು. ಭಾನುವಾರ ಅರ್ಧ ಗಂಟೆ ಮುಂಚೆ ಮೈದಾನಕ್ಕೆ ಹೋಗುತ್ತೇನೆ, ಮನೆಯಿಂದ ಕಡ್ಡಿ ಪೊರಕೆ ತಗೊಂಡು. ಮಕ್ಕಳೂ ಅಲ್ಲೇ ಬರಿಗಾಲಲ್ಲಿ ನಿಲ್ಲುತ್ತಾರೆ.